ಕೌದಿ ಮತ್ತು ತಗಡು: ಅಣಕು ಕಾಳಗಕ್ಕೆ ವಿಜಯನಗರದ ಕವಚ

ಕವಚ ಅಂದ ಕೂಡಲೇ ಎಲ್ಲರ ಕಣ್ಣು ತಗಡಿನ ಮೇಲೆ ಹೋಗುತ್ತದೆ. ಆದರೆ ಮೊಂಡು ಕತ್ತಿಯ ಪೆಟ್ಟಿನಿಂದ ಪಕ್ಕೆಲುಬು ಉಳಿಸುವುದು ಅದರ ಒಳಗಿನ ಹತ್ತಿ. ಒಂದು ಗೆರೆಯ ಮೇಲೆ ಬಿದ್ದ ಏಟನ್ನು ಅಂಗೈ ಅಗಲಕ್ಕೆ ಹರಡುವುದಷ್ಟೇ ತಗಡಿನ ಕೆಲಸ. ಹರಡಿದ ಏಟನ್ನು ನುಂಗಿಕೊಳ್ಳುವುದು ದಪ್ಪ ಹೊಲಿಗೆಯ ಅಂಗಿ. ಬನಿಯನ್ ಮೇಲೆ ನೇರವಾಗಿ ಉಕ್ಕು ಕಟ್ಟಿಕೊಂಡವರಿಗೆ ಪಕ್ಕೆ ಬಾಯುತ್ತದೆ. ಒಳ್ಳೆಯ ಹತ್ತಿ ಅಂಗಿ ತೊಟ್ಟು ಮೇಲೆ ಸಾಧಾರಣ ತಗಡು ಹಾಕಿದವರು ಆರಾಮಾಗಿ ಆಡುತ್ತಾರೆ. ಹಾಗಾಗಿ ಕೈಯಲ್ಲಿರುವ ದುಡ್ಡು, ಸಮಯ ಎರಡೂ ಮೊದಲು ಹೊಲಿಗೆಗೆ ಹೋಗಬೇಕು.

ಈ ಕೆಲಸಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಗಿಂತ ಅನುಕೂಲದ ಜಾಗ ಹುಡುಕುವುದು ಕಷ್ಟ. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲುಗಳಿವೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಪ್ಪ ಬಟ್ಟೆ ಹೊಲಿಯುವ ಯಂತ್ರವೂ ಇದೆ, ಪಳಗಿದ ಕೈಯೂ ಇದೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಅಜ್ಜಿಯರು ಇನ್ನೂ ಊರೂರಿಗೆ ಸಿಗುತ್ತಾರೆ. ಕವಚದ ಒಳಂಗಿ ಅಂದರೆ ತೋಳಿರುವ ಕೌದಿ, ಅಷ್ಟೇ.

ಮಾದರಿ ಯಾವುದು ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಸನ ಸೈನ್ಯ ಸಾಲುಗಟ್ಟಿ ನಿಂತದ್ದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಕುದುರೆ ಸವಾರರ ಅಂಗಿಗಳು ಗಟ್ಟಿ ಹಸಿ ತೊಗಲಿನ ಪದರಗಳವು, ಅವುಗಳಿಗೆ ಕಬ್ಬಿಣದ ಬಿಲ್ಲೆ ಜೋಡಿಸಿತ್ತು, ಮೇಲೆ ರೇಷ್ಮೆ ಮತ್ತು ಮಖಮಲ್ಲು. ತಲೆಯ ಟೋಪಿಗೆ ಕತ್ತು ಮುಚ್ಚುವ ಅಂಚು, ಮುಖ ಕಾಯಲು ಬೇರೊಂದು ಭಾಗ. ಇದು ಸವಾರರ ಉಡುಗೆ. ಕಾಲಾಳುಗಳೆಲ್ಲ ಹೀಗೇ ಇದ್ದರೆಂದು ತಿಳಿಯಬಾರದು. ನಮ್ಮ ಕೆಲಸಕ್ಕೆ ಈ ವಿವರಣೆ ಸಾಕು: ಒಳಗೆ ಹತ್ತಿ, ಅದರ ಮೇಲೆ ಬಿಲ್ಲೆ ಹೊಡೆದ ತೊಗಲು, ತಲೆಗೆ ಮುಖ ಮತ್ತು ಕತ್ತು ಮುಚ್ಚುವ ಶಿರಸ್ತ್ರಾಣ. ಯುರೋಪಿನ ನೈಟ್‌ಗಳ ಅಡಿಯಿಂದ ಮುಡಿವರೆಗಿನ ಉಕ್ಕಿನ ಕವಚ ಚಿತ್ರದಲ್ಲಿ ಚೆಂದ ಕಂಡರೂ ಈ ನೆಲದ ಚರಿತ್ರೆಗೂ ಹೊಂದದು, ಬಿಸಿಲಿಗೂ ಹೊಂದದು.

ಹತ್ತಿ ಅಂಗಿ

ಬೇಕಾದದ್ದು: ಹಳೆಯ ಹತ್ತಿ ಸೀರೆ 3, ಹಿಂಜಿದ ಹತ್ತಿ 1 ಕೆಜಿ, ಹೊರಗೆ ಜೀನ್ಸ್ ಬಟ್ಟೆ ಎರಡೂವರೆ ಮೀಟರ್, ಒಳಗೆ ಅಷ್ಟೇ ಖಾದಿ. ಜೀನ್ಸ್ ಬಟ್ಟೆ ಕೊಳ್ಳುವಾಗ ಕೈಯಲ್ಲಿ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಅದರಲ್ಲಿ ಲೈಕ್ರಾ ಸೇರಿದೆ, ಬೇಡ. ಪೂರ್ತಿ ಹತ್ತಿಯದೇ ಇರಲಿ. ಸೀರೆಯೂ ಅಷ್ಟೇ, ಪಾಲಿಯೆಸ್ಟರ್ ಬೆರೆತದ್ದು ಬೆವರು ಹೀರುವುದಿಲ್ಲ. ದಿಂಬಿಗೆ ತುಂಬುವ ರೆಕ್ರಾನ್ ಹಾಕಿದರೆ ನಾಲ್ಕು ಏಟಿಗೆ ಚಪ್ಪಟೆಯಾಗುತ್ತದೆ, ಮೈಯ ಬಿಸಿಯನ್ನೂ ಒಳಗೇ ಕೂಡಿಹಾಕುತ್ತದೆ.

ಎಲ್ಲ ಬಟ್ಟೆಯನ್ನೂ ಒಂದು ಸಲ ಬಿಸಿ ನೀರಿನಲ್ಲಿ ಒಗೆದು ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಹೊರಬಟ್ಟೆ ಒಂದು ಕಡೆ, ಒಳಬಟ್ಟೆ ಇನ್ನೊಂದು ಕಡೆ ಎಳೆದು ಅಂಗಿ ಸೊಟ್ಟಗಾಗುತ್ತದೆ.

ಪದರಗಳ ಕ್ರಮ ಹೀಗೆ: ಕೆಳಗೆ ಖಾದಿ, ಅದರ ಮೇಲೆ ಸೀರೆಯ 4 ಪದರ, ಆಮೇಲೆ ಸಮನಾಗಿ ಹರಡಿದ ಹತ್ತಿ, ಮತ್ತೆ ಸೀರೆಯ 4 ಪದರ, ಮೇಲೆ ಜೀನ್ಸ್. ಹತ್ತಿ ಚದರ ಮೀಟರಿಗೆ 400 ಗ್ರಾಂ ಲೆಕ್ಕ. ತೂಗಿ ಹಾಕಿ, ಕಣ್ಣಳತೆಯಲ್ಲಿ ಹಾಕಿದರೆ ಎದೆಯಲ್ಲಿ ಗುಡ್ಡೆ, ಬೆನ್ನಲ್ಲಿ ಬಯಲು. ತೋಳಿಗೆ ಹತ್ತಿ ಅರ್ಧ ಸಾಕು. ಮೊಣಕೈಯ ಒಳಮಡಿಕೆಯಲ್ಲಿ ಹತ್ತಿಯೇ ಬೇಡ, ಬರೀ ಸೀರೆಯ ಎರಡು ಪದರ. ಅಲ್ಲಿ ದಪ್ಪವಾದರೆ ಕೈ ಮಡಚಲು ಬರದೆ ಕತ್ತಿ ಬೀಸುವಾಗ ಭುಜವೇ ಎಲ್ಲ ಕೆಲಸ ಮಾಡಬೇಕಾಗುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಮೊದಲು ಅಳತೆಗೆ ಕತ್ತರಿಸಿ, ಆಮೇಲೆ ಗೆರೆ ಹೊಲಿಯುತ್ತಾರೆ. ಗೆರೆ ಹೊಲಿದಂತೆ ಬಟ್ಟೆ ಉಬ್ಬಿ ಅಗಲದಲ್ಲಿ ಸುಮಾರು ಹತ್ತನೇ ಒಂದು ಭಾಗ ಎಳೆದುಕೊಳ್ಳುತ್ತದೆ. ಎದೆಗೆ ಕೂತಿದ್ದ ಅಂಗಿ ಗುಂಡಿ ಹಾಕಲು ಬರದಂತಾಗುತ್ತದೆ. ದೊಡ್ಡ ಚೌಕವಾಗಿ ಹಾಸಿ, ಪೂರ್ತಿ ಗೆರೆ ಹೊಲಿದು ಮುಗಿಸಿ, ಅದರ ಮೇಲೆ ಮಾದರಿ ಕಾಗದ ಇಟ್ಟು ಕತ್ತರಿಸಿ. ಕತ್ತರಿಸಿದ ಅಂಚಿಗೆ ಅವತ್ತೇ ಪಟ್ಟಿ ಕೊಡಿ, ಇಲ್ಲದಿದ್ದರೆ ಹತ್ತಿ ಹೊರಗೆ ಸುರಿಯುತ್ತದೆ.

ಗೆರೆಗಳು ಉದ್ದುದ್ದಕ್ಕೆ, 4 ಸೆಂ.ಮೀ.ಗೆ ಒಂದರಂತೆ ಇರಲಿ. ನಟ್ಟನಡುವಿನ ಗೆರೆ ಮೊದಲು, ಆಮೇಲೆ ಎಡಬಲಕ್ಕೆ. ಒಂದು ಅಂಚಿನಿಂದ ಶುರು ಮಾಡಿದರೆ ಮೇಲಿನ ಬಟ್ಟೆ ಜಾರುತ್ತಾ ಹೋಗಿ ಇನ್ನೊಂದು ಅಂಚಿನಲ್ಲಿ ಅಲೆಯಾಗಿ ನಿಲ್ಲುತ್ತದೆ. ಯಂತ್ರಕ್ಕೆ 18 ಅಥವಾ 21 ನಂಬರಿನ ಸೂಜಿ, ಹೊಲಿಗೆಯ ಉದ್ದ 4 ಮಿ.ಮೀ., ಜೀನ್ಸ್‌ಗೆ ಬಳಸುವ ದಪ್ಪ ದಾರ. ಮನೆಯ ಸಣ್ಣ ಯಂತ್ರ ಇದನ್ನು ತಡೆಯದು, ಸೂಜಿ ಮುರಿಯುತ್ತದೆ. ಕೈಯಲ್ಲಿ ಕೌದಿಯ ಹೊಲಿಗೆ ಹಾಕುವುದಾದರೆ ನಿಧಾನವಾದರೂ ಅಂಗಿ ಹೆಚ್ಚು ಮೆತ್ತಗಿರುತ್ತದೆ, ಮೈಗೆ ಬೇಗ ಒಗ್ಗುತ್ತದೆ. ಎರಡರಲ್ಲಿ ಒಂದನ್ನು ಆರಿಸಲು ಹೇಳಿದರೆ ನಮ್ಮ ಮತ ಕೈಹೊಲಿಗೆಗೇ.

ಎದೆಯ ಸುತ್ತಳತೆಗೆ 12ರಿಂದ 15 ಸೆಂ.ಮೀ. ಸಡಿಲ ಸೇರಿಸಿ. ಉದ್ದ ತೊಡೆಯ ನಡುವಿಗೆ ಬರಲಿ. ನಡುವಿನಿಂದ ಕೆಳಗೆ ಹಿಂದೆ ಮುಂದೆ ಸೀಳು ಬಿಡಿ, ಇಲ್ಲದಿದ್ದರೆ ಹೆಜ್ಜೆ ಹಾಕಲು ಬರುವುದಿಲ್ಲ. ಕಂಕುಳಲ್ಲಿ 12 ಸೆಂ.ಮೀ. ಚೌಕದ ತುಂಡನ್ನು ಓರೆಯಾಗಿ ಸೇರಿಸಿ, ಹತ್ತಿ ತುಂಬದೆ. ಪರೀಕ್ಷೆ ಸುಲಭ: ಅಂಗಿ ತೊಟ್ಟು ಎರಡೂ ಕೈ ತಲೆಯ ಮೇಲೆತ್ತಿ. ಕೆಳ ಅಂಚು 3 ಸೆಂ.ಮೀ.ಗಿಂತ ಹೆಚ್ಚು ಮೇಲೇರಿದರೆ ತೋಳಿನ ಸುತ್ತು ತೀರಾ ಕೆಳಗಿದೆ. ಬಿಚ್ಚಿ ಮತ್ತೆ ಕೂರಿಸಿ, ಹಾಗೇ ಬಿಡಬೇಡಿ. ಕುತ್ತಿಗೆಗೆ ಇದೇ ಬಟ್ಟೆಯ ಎತ್ತರದ ಪಟ್ಟಿ ಬೇರೆಯಾಗಿ ಹೊಲಿದಿಟ್ಟುಕೊಳ್ಳಿ. ಮುಗಿದ ಅಂಗಿ ಸುಮಾರು 3 ಕೆಜಿ ತೂಗುತ್ತದೆ.

ಬಿಲ್ಲೆಯ ತೊಗಲು

18 ಗೇಜಿನ, ಅಂದರೆ 1.2 ಮಿ.ಮೀ. ದಪ್ಪದ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಕೇಳಿ. ಸತು ಹೊದಿಸಿದ ಜಿ.ಐ. ಶೀಟ್ ಬೇಡ, ಅದನ್ನು ಎಂದಾದರೂ ಕಾಯಿಸಿದರೆ, ವೆಲ್ಡ್ ಮಾಡಿದರೆ ಬರುವ ಹೊಗೆ ಜ್ವರ ತರಿಸುತ್ತದೆ. 4 ಅಡಿ ಉದ್ದ 2 ಅಡಿ ಅಗಲದ ತುಂಡು ಒಬ್ಬರಿಗೆ ಸಾಕು. ಅಂಗಡಿಯ ಶೇರಿಂಗ್ ಯಂತ್ರದಲ್ಲೇ 8 ಸೆಂ.ಮೀ. ಅಗಲದ 7 ಪಟ್ಟಿ ಮಾಡಿಸಿ, ಒಂದೊಂದನ್ನೂ 5 ಸೆಂ.ಮೀ.ಗೆ ಕತ್ತರಿಸಿದರೆ 168 ಬಿಲ್ಲೆ ಬರುತ್ತವೆ. ಒಂದೊಂದರ ತೂಕ ಸುಮಾರು 38 ಗ್ರಾಂ.

ಹತ್ತಿ ಅಂಗಿ ತೊಟ್ಟ ಮೇಲೆ ಎದೆಯ ಸುತ್ತಳತೆ 104 ಸೆಂ.ಮೀ. ಇರುವವರಿಗೆ ಲೆಕ್ಕ ಹೀಗೆ. ಬಿಲ್ಲೆಗಳು ಪಕ್ಕಕ್ಕೆ 1 ಸೆಂ.ಮೀ., ಮೇಲೆ ಕೆಳಗೆ 2 ಸೆಂ.ಮೀ. ಒಂದರ ಮೇಲೊಂದು ಕೂರಬೇಕು. ಕೆಳಗಿನ 4 ಸಾಲಿಗೆ 14 ಬಿಲ್ಲೆ, ಮೇಲಿನ 2 ಸಾಲಿಗೆ ತೋಳಿನ ಜಾಗ ಬಿಟ್ಟು 9. ಎದೆಗೆ 74, ಬೆನ್ನಿಗೆ 74, ಒಟ್ಟು 148. ಎತ್ತರ 38 ಸೆಂ.ಮೀ., ಅಗಲ 57. ಎದೆಯ ಭಾಗ ಎರಡೂ ಪಕ್ಕದಲ್ಲಿ ಬೆನ್ನಿನ ಭಾಗದ ಮೇಲೆ 5 ಸೆಂ.ಮೀ. ಬರುತ್ತದೆ. ಈ ಮೇಲ್ಹೊದಿಕೆ ಬಿಟ್ಟರೆ ಕೈ ಎತ್ತಿದಾಗ ಪಕ್ಕೆ ಬಯಲಾಗುತ್ತದೆ, ಎದುರಾಳಿಯ ಅಡ್ಡೇಟು ಬೀಳುವುದೂ ಅಲ್ಲಿಗೇ.

ಬಿಲ್ಲೆಯ ನಾಲ್ಕೂ ಮೂಲೆ ದುಂಡಗೆ ಮಾಡಿ, ಅಂಚನ್ನೆಲ್ಲ ಅರದಿಂದ ಉಜ್ಜಿ. ಬೇಸರದ ಕೆಲಸ ನಿಜ, ಆದರೆ ಚೂಪು ಮೂಲೆ ಬಿಟ್ಟರೆ ಅದು ಕೊಯ್ಯುವುದು ನಿಮ್ಮದೇ ಹತ್ತಿ ಅಂಗಿಯನ್ನು. 4 ಇಂಚಿನ ಕಬ್ಬಿಣದ ಪೈಪಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಸ್ವಲ್ಪ ಬಾಗಿಸಿ. ಬಾಗಿದ ತಗಡು ಚಪ್ಪಟೆ ತಗಡಿಗಿಂತ ಬಹಳ ಗಟ್ಟಿ. ಮೇಲಂಚಿನಲ್ಲಿ ಮಾತ್ರ ಎರಡು ತೂತು: ಮೇಲಿನಿಂದ 8 ಮಿ.ಮೀ., ಪಕ್ಕದಿಂದ 5 ಮಿ.ಮೀ., 4.2 ಮಿ.ಮೀ. ಬಿಟ್‌ನಿಂದ. ಪಕ್ಕದ ಬಿಲ್ಲೆಯ ತೂತಿಗೆ ಇದು ಸರಿಯಾಗಿ ಕೂಡುತ್ತದೆ, ಎರಡಕ್ಕೂ ಒಂದೇ ರಿವೆಟ್.

ಕೆಳ ಅಂಚಿಗೂ ರಿವೆಟ್ ಹೊಡೆದರೆ ಇನ್ನೂ ಭದ್ರ ಅನ್ನಿಸುತ್ತದೆ. ಹೊಡೆಯಬೇಡಿ. ಬಗ್ಗಿದಾಗ ಸಾಲುಗಳು ಒಂದರ ಮೇಲೊಂದು ಜಾರಬೇಕು. ಎರಡೂ ಕಡೆ ಬಿಗಿದರೆ ಎದೆ ಹಲಗೆಯಾಗುತ್ತದೆ, ಬಗ್ಗಿದ ಕೂಡಲೇ ತೊಗಲು ಹರಿದು ರಿವೆಟ್ ಕಿತ್ತು ಬರುತ್ತದೆ.

ತೊಗಲು 3 ಮಿ.ಮೀ. ದಪ್ಪದ ಎಮ್ಮೆಯದು. ಬಿಲ್ಲೆಗಳನ್ನು ತೊಗಲಿನ ಒಳಮೈಗೆ ಜೋಡಿಸುವುದು ಎರಡು ಕಾರಣಕ್ಕೆ ಮೇಲು: ಕತ್ತಿಯ ತುದಿ ಬಿಲ್ಲೆಯ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ, ಬಿಸಿಲು ನೇರವಾಗಿ ಉಕ್ಕಿಗೆ ಬೀಳುವುದಿಲ್ಲ. ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಆಗ ಮೇಲಿನ ಸಾಲು ಕೆಳಗಿನ ಸಾಲಿನ ರಿವೆಟ್ ತುದಿಗಳನ್ನು ತಾನೇ ಮುಚ್ಚುತ್ತದೆ. ರಿವೆಟ್ 4 ಮಿ.ಮೀ. ದಪ್ಪದ ಗಟ್ಟಿ ಕಬ್ಬಿಣದ್ದು, ಉದ್ದ 12 ಮಿ.ಮೀ. ತೊಗಲು, ಎರಡು ಬಿಲ್ಲೆ, ವಾಷರ್ ಸೇರಿ ಸುಮಾರು 6.4 ಮಿ.ಮೀ.; ಬಡಿದು ತಲೆ ಕಟ್ಟಲು ರಿವೆಟ್ ದಪ್ಪದ ಒಂದೂವರೆ ಪಟ್ಟು, ಅಂದರೆ 6 ಮಿ.ಮೀ. ಹೊರಗುಳಿಯಬೇಕು. ಇನ್ನೂ ಉದ್ದವಾದರೆ ಬಡಿಯುವಾಗ ಡೊಂಕಾಗುತ್ತದೆ, ಗಿಡ್ಡವಾದರೆ ಬಿಚ್ಚಿಕೊಳ್ಳುತ್ತದೆ. ತೊಗಲಿನ ಮೇಲೆ, ತಲೆಯ ಕೆಳಗೆ ವಾಷರ್ ಮರೆಯಬೇಡಿ. 160 ಬೇಕಾಗುತ್ತದೆ, 200 ತನ್ನಿ. ಗನ್ನಿನಿಂದ ಒತ್ತುವ ಪಾಪ್ ರಿವೆಟ್ ಬೇಗ ಕೆಲಸ ಮುಗಿಸುತ್ತದೆ, ಆದರೆ ಒಳಗೆ ಟೊಳ್ಳು. ಏಟು ಬಿದ್ದರೆ ತುಂಡಾಗಿ ಚೂಪು ತುದಿ ಮೈ ಕಡೆ ತಿರುಗುತ್ತದೆ.

ಭುಜದ ಮೇಲೆ 5 ಸೆಂ.ಮೀ. ಅಗಲದ ಪಟ್ಟಿ, ಪಕ್ಕಕ್ಕೆ ಮೂರು ಮೂರು ಬಕಲ್. ಎಲ್ಲ ಸೇರಿ 7 ಕೆಜಿ ಆಸುಪಾಸು.

ತಲೆ, ಕತ್ತು, ಕೈ

ಮೊದಲ ಸಲ ಮಾಡುವವರು ಶಿರಸ್ತ್ರಾಣವನ್ನು ತಾವೇ ಬಡಿಯಲು ಹೋಗದಿರುವುದು ಒಳ್ಳೆಯದು. ಪಳಗಿದ ಕಮ್ಮಾರರ ಕೈಯಲ್ಲಿ 14 ಗೇಜಿನ, ಅಂದರೆ 2 ಮಿ.ಮೀ. ತಗಡಿನಲ್ಲಿ ಮಾಡಿಸಿ. ಅಳತೆ ಮಾತ್ರ ನೀವೇ ಕೊಡಬೇಕು: ತಲೆಯ ಸುತ್ತಳತೆಗೆ 12ರಿಂದ 13 ಸೆಂ.ಮೀ. ಸೇರಿಸಿ. ಆಗ ತಲೆಗೂ ಉಕ್ಕಿಗೂ ಸುತ್ತ 2 ಸೆಂ.ಮೀ. ಅಂತರ ಸಿಗುತ್ತದೆ. ಆ ಅಂತರದಲ್ಲಿ ಹೊಲಿದ ಹತ್ತಿ ಟೋಪಿ ಭದ್ರವಾಗಿ ಕೂರಬೇಕು. ರುಮಾಲು ಸುತ್ತಿ ಅದರ ಮೇಲೆ ಹಾಕಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಎರಡನೇ ಏಟಿಗೆ ರುಮಾಲು ಜಾರಿ ಉಕ್ಕು ಹುಬ್ಬಿಗೆ ಬಡಿಯುತ್ತದೆ. ಗದ್ದದ ಪಟ್ಟಿ ಕಿವಿಯ ಹಿಂದೆ ಮುಂದೆ ಎರಡು ಕಡೆಯಿಂದ ಬಂದು ಕೂಡಲಿ. ಕಟ್ಟಿಕೊಂಡು ತಲೆ ಜೋರಾಗಿ ಅಲ್ಲಾಡಿಸಿದರೆ ಶಿರಸ್ತ್ರಾಣ ತಲೆಯ ಜೊತೆಗೇ ತಿರುಗಬೇಕು. ಮುಖಕ್ಕೆ ಸರಳಿನ ಜಾಲರಿ ಇರಲೇಬೇಕು, ಕಿಂಡಿ ಕತ್ತಿಯ ತುದಿಗಿಂತ ಚಿಕ್ಕದಿರಲಿ. ಮೂಗಿನ ಪಟ್ಟಿಯೊಂದೇ ಇರುವ ದಖನಿ ಟೋಪಿ ನೋಡಲು ಸೊಗಸು, ಆಟಕ್ಕೆ ಸಾಲದು.

ಕುತ್ತಿಗೆಗೆ ಉಂಗುರದ ಜಾಲರಿ ಇಳಿಬಿಡುವುದಾದರೆ 16 ಗೇಜಿನ ಬೇಲಿ ತಂತಿ, ಒಳವ್ಯಾಸ 8 ಮಿ.ಮೀ. ಕಟ್ಟಡಕ್ಕೆ ಬಳಸುವ ಬೈಂಡಿಂಗ್ ವೈರ್ ಅಗ್ಗ, ಆದರೆ ಕಾಯಿಸಿ ಮೆತ್ತಗೆ ಮಾಡಿದ ತಂತಿ ಅದು. ಉಂಗುರಗಳು ತಾವೇ ಬಾಯಿ ಬಿಡುತ್ತವೆ. ಜಾಲರಿಯ ಕೆಳಗೆ ಹತ್ತಿಯ ಕುತ್ತಿಗೆ ಪಟ್ಟಿ ಇಲ್ಲದಿದ್ದರೆ ಜಾಲರಿ ಬರೀ ಅಲಂಕಾರ.

ಈ ಆಟದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಬೆರಳು, ಅದರಲ್ಲೂ ಹೆಬ್ಬೆರಳು. ಕ್ರಿಕೆಟ್ ಬ್ಯಾಟಿಂಗ್ ಗ್ಲೌಸ್ ಒಳ್ಳೆಯ ತಳಹದಿ. ಅದರ ಮೇಲೆ ತೊಗಲು ಹೊಲಿದು ಬೆರಳಿನ ಗೆಣ್ಣಿಗೊಂದರಂತೆ ಸಣ್ಣ ಬಿಲ್ಲೆ ಜೋಡಿಸಿ. ದಖ್ಖನ್ನಿನ ಪಟಾ ಕತ್ತಿಯಲ್ಲಿ ಮುಂಗೈಯನ್ನೇ ಉಕ್ಕಿನ ಒರೆಯೊಳಗೆ ಸೇರಿಸಿದ್ದು ಸುಮ್ಮನೆ ಅಲ್ಲ. ತೊಡೆಸಂದಿಗೆ ಕ್ರಿಕೆಟ್ ಗಾರ್ಡ್, ಮೊಣಕಾಲು ಮೊಣಕೈಗೆ ಪ್ಯಾಡ್, ಇವನ್ನು ಬಟ್ಟೆಯ ಒಳಗೆ ಹಾಕಿಕೊಂಡರೆ ಕಾಣುವುದೂ ಇಲ್ಲ.

ತೊಡುವ ಕ್ರಮ

ಕೆಳಗಿನಿಂದ ಮೇಲಕ್ಕೆ. ಗಾರ್ಡ್, ಮೊಣಕಾಲಿನ ಪ್ಯಾಡ್, ಕಚ್ಚೆ ಬಿಗಿದ ಧೋತರ ಇಲ್ಲವೇ ಪೈಜಾಮ. ತೆಳು ಹತ್ತಿ ಬನಿಯನ್, ಅದರ ಮೇಲೆ ಹತ್ತಿ ಅಂಗಿ, ಕುತ್ತಿಗೆ ಪಟ್ಟಿ, ಬಿಲ್ಲೆಯ ತೊಗಲು. ತೊಗಲಿನ ಮೇಲೆ ಉದ್ದನೆಯ ಬಟ್ಟೆಯಿಂದ ಸೊಂಟ ಬಿಗಿಯಾಗಿ ಕಟ್ಟಿ. ಈ ನಡುಕಟ್ಟು ಕವಚದ ಭಾರದ ಒಂದು ಪಾಲನ್ನು ಸೊಂಟಕ್ಕೆ ಇಳಿಸುತ್ತದೆ. ಕಟ್ಟದಿದ್ದರೆ ಎಲ್ಲವೂ ಹೆಗಲ ಮೇಲೆ ನಿಂತು ಅರ್ಧ ಗಂಟೆಗೆ ಕೈ ಮರಗಟ್ಟುತ್ತದೆ. ಶಿರಸ್ತ್ರಾಣ ಕಣಕ್ಕಿಳಿಯುವ ಮುನ್ನ, ಗ್ಲೌಸ್ ಎಲ್ಲಕ್ಕಿಂತ ಕೊನೆಗೆ. ಪಕ್ಕದ ಬಕಲ್‌ಗಳಿಗೆ ಜೊತೆಗಾರರ ಕೈ ಬೇಕು. ಬಿಚ್ಚಲು ಕೂಡ ಒಬ್ಬರು ಹತ್ತಿರದಲ್ಲೇ ಇರಬೇಕು, ಅವರ ಜೇಬಿನಲ್ಲಿ ಕತ್ತರಿ ಇರಬೇಕು.

ಕತ್ತರಿ ಯಾಕೆಂದರೆ ಬಿಸಿಲು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಕಾದಿದ್ದು ಬೇಸಿಗೆಯಲ್ಲಿ ಎಂಬ ಕಾರಣಕ್ಕೆ ಮೇ ತಿಂಗಳಲ್ಲಿ ಕಾಳಗ ಇಟ್ಟುಕೊಳ್ಳಬೇಡಿ. ನವೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ 9ರೊಳಗೆ ಮುಗಿಯುವಂತೆ. ಒಂದು ಸುತ್ತು ಎರಡು ನಿಮಿಷಕ್ಕಿಂತ ಹೆಚ್ಚು ಬೇಡ, ಸುತ್ತು ಮುಗಿದ ಕೂಡಲೇ ಶಿರಸ್ತ್ರಾಣ ತೆಗೆಯಲೇಬೇಕು. ಕುಡಿಯಲು ಓ.ಆರ್.ಎಸ್. ಅಥವಾ ಉಪ್ಪು ಹಾಕಿದ ನೀರು ಮಜ್ಜಿಗೆ. ತೊಗಲಿನ ಮೇಲೆ ಬಿಳಿ ಹತ್ತಿ ಬಟ್ಟೆ ಹೊದ್ದರೆ ಬಿಸಿ ಗಣನೀಯವಾಗಿ ಇಳಿಯುತ್ತದೆ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ವಾಂತಿಯಾದರೆ ಬಕಲ್ ಹುಡುಕುತ್ತಾ ಕೂರಬೇಡಿ. ಪಟ್ಟಿ ಕತ್ತರಿಸಿ, ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, ಆಂಬುಲೆನ್ಸ್‌ಗೆ 108 ಕರೆ ಮಾಡಿ.

ಕಣಕ್ಕಿಳಿಯುವ ಮುಂಚೆ ಒಂದು ಪರೀಕ್ಷೆ: ಹದ ಮಾಡಿದ ಜೇಡಿಮಣ್ಣನ್ನು 5 ಸೆಂ.ಮೀ. ದಪ್ಪಕ್ಕೆ ಹಾಸಿ, ಮೇಲೆ ಹತ್ತಿ ಅಂಗಿ, ಬಿಲ್ಲೆಯ ತೊಗಲು ಇಟ್ಟು, ಆಡುವ ಕತ್ತಿಯಿಂದಲೇ ಆಡುವ ಜೋರಿನಲ್ಲಿ ಹೊಡೆಯಿರಿ. ತೆಗೆದು ನೋಡಿದರೆ ಮಣ್ಣಿನಲ್ಲಿ ಅಗಲವಾದ ತಗ್ಗು ಕಾಣಬೇಕು. ಇಕ್ಕಟ್ಟಾದ ಗೆರೆ ಮೂಡಿದ್ದರೆ ಆ ಜಾಗದಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಕೂತಿಲ್ಲ. ತಗ್ಗು ಅಗಲವಾಗಿದ್ದೂ ಆಳವಾಗಿದ್ದರೆ ಹತ್ತಿ ಸಾಲದು.

ಅಭ್ಯಾಸಕ್ಕೆ ಹೊಲ, ಶಾಲೆಯ ಮೈದಾನ ಆರಿಸಿಕೊಳ್ಳಿ. ಆನೆಗುಂದಿ, ರಾಯಚೂರಿನ ಕೋಟೆಗಳಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಪ್ರದರ್ಶನ ನಡೆಸುವಂತಿಲ್ಲ.

ಆಟ ಮುಗಿದ ದಿನವೇ ಎಲ್ಲವನ್ನೂ ಬಿಡಿಸಿ ತೂಗುಹಾಕಿ. ಬೆವರಿನ ಉಪ್ಪು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸಲು ಶುರು ಮಾಡುತ್ತದೆ. ಉಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಒರೆಸಿ; ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ತೊಗಲಿಗೆ ತಿಂಗಳಿಗೊಮ್ಮೆ ಔಡಲ ಎಣ್ಣೆ, ನೆರಳಿನಲ್ಲಿ ಒಣಗಿಸಿ. ಹತ್ತಿ ಅಂಗಿಯನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ, ಕೌದಿಗೆ ಹಾಕುವ ಹಾಗೆ.