ಅಮೆರಿಕದ ಕಾಲೇಜು ನಿಮ್ಮಲ್ಲಿ ಏನನ್ನು ನೋಡುತ್ತದೆ: ಮೊದಲೇ ತಿಳಿಯುವ ಬಗೆ

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರು, ಅದು ಅಭ್ಯರ್ಥಿಗಳಲ್ಲಿ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಅಲ್ಲಿನ ಅನೇಕ ಕಾಲೇಜುಗಳು ಪ್ರತಿವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಅದರ ಸಿ7 ಕೋಷ್ಟಕವನ್ನು ಮೊದಲು ತೆರೆಯಿರಿ. ಆಯ್ದುಕೊಂಡ ವಿಷಯಗಳ ಕಾಠಿಣ್ಯ, ಅಂಕಗಳು, ಪ್ರಬಂಧ, ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ, ಹಳೆಯ ವಿದ್ಯಾರ್ಥಿಗಳೊಂದಿಗಿನ ನಂಟು ಇವುಗಳಲ್ಲಿ ಯಾವುದು ಅತಿ ಮುಖ್ಯ, ಯಾವುದು ಮುಖ್ಯ, ಯಾವುದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ ಎಂದು ಕಾಲೇಜೇ ಅಲ್ಲಿ ಗುರುತು ಹಾಕಿರುತ್ತದೆ.

ಹಲವರು ಗಮನಿಸದ ಸಾಲೊಂದು ಅಲ್ಲಿದೆ: ‘ಅಭ್ಯರ್ಥಿ ತೋರಿದ ಆಸಕ್ತಿ’. ಅದನ್ನು ಪರಿಗಣಿಸುವ ಕಾಲೇಜಾದರೆ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ನೋಂದಾಯಿಸಿ. ಪರಿಗಣಿಸದ ಕಾಲೇಜಿಗೆ ಮೇಲಿಂದ ಮೇಲೆ ಇಮೇಲ್ ಬರೆಯುವುದು ವ್ಯರ್ಥ ಶ್ರಮ. ಬಳಿಕ ಸಿ9 ಕೋಷ್ಟಕದಲ್ಲಿ, ಪ್ರವೇಶ ಪಡೆದು ಸೇರಿದವರ, ಕಾಲೇಜು ಪ್ರವೇಶಕ್ಕೆ ಬಳಸುವ ಪರೀಕ್ಷೆಯಾದ ಎಸ್‌ಎಟಿ ಅಂಕಗಳ 25ನೇ ಮತ್ತು 75ನೇ ಪರ್ಸೆಂಟೈಲ್ (ಕೆಳಗಿನ ಕಾಲುಭಾಗ ಮತ್ತು ಮೇಲಿನ ಕಾಲುಭಾಗದ ಗಡಿ ಅಂಕಗಳು) ನೋಡಿ. ಪರೀಕ್ಷೆ ಐಚ್ಛಿಕವಾಗಿರುವಲ್ಲಿ ಅಂಕ ಸಲ್ಲಿಸಿದವರ ಲೆಕ್ಕ ಮಾತ್ರ ಇರುವುದರಿಂದ, ಈ ಸಂಖ್ಯೆ ತುಸು ಮೇಲಕ್ಕೇ ಇರುತ್ತದೆಂದು ನನ್ನ ಅಭಿಪ್ರಾಯ.

ಅಂಕಪಟ್ಟಿಯನ್ನು ಓದುವ ಅಧಿಕಾರಿ, ನಿಮ್ಮ ಶಾಲೆಯಲ್ಲಿ ಲಭ್ಯವಿದ್ದ ವಿಷಯಗಳಲ್ಲಿ ನೀವು ಯಾವುದನ್ನು ಆರಿಸಿಕೊಂಡಿರಿ ಎಂಬುದನ್ನೂ ಗಮನಿಸುತ್ತಾರೆ; ಆದ್ದರಿಂದ ಶಾಲೆಯು ಕಳುಹಿಸುವ ಪರಿಚಯ ಪತ್ರದಲ್ಲಿ ಈ ವಿವರವಿರುವಂತೆ ನೋಡಿಕೊಳ್ಳಿ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆಯಾದ ‘ಕಾಮನ್ ಆಪ್’ನ ಪ್ರಬಂಧಕ್ಕೆ 650 ಪದಗಳ ಮಿತಿಯಿದೆ, ಸಾಧನೆಗಳ ಪಟ್ಟಿಯನ್ನು ಅಲ್ಲಿ ಪುನರಾವರ್ತಿಸಬೇಡಿ. ಹಣಕಾಸಿನ ನೆರವು ಕೋರುವ ವಿದೇಶಿ ವಿದ್ಯಾರ್ಥಿಗಳು, ಆ ಕೋರಿಕೆ ಆಯ್ಕೆಯ ಮೇಲೆ ಪ್ರಭಾವ ಬೀರುತ್ತದೆಯೇ ಎಂದು ಪ್ರವೇಶ ಕಚೇರಿಗೆ ನೇರವಾಗಿ ಬರೆದು ಕೇಳಬೇಕು.