ಟಿಕೆಟ್ ಒಂದು, ಜನ ಐದು

ಮ್ಯೂನಿಕ್‌ಗೆ ಬಂದ ಮೊದಲ ಆರು ತಿಂಗಳು ನನ್ನ ಭಾನುವಾರಗಳೆಲ್ಲ ನಿದ್ದೆ ಮತ್ತು ಫೋನಿನಲ್ಲೇ ಕಳೆದವು. ಆಮೇಲೆ ಸಂಜೆಯ ಜರ್ಮನ್ ಕ್ಲಾಸಿನಲ್ಲಿ ನಾಲ್ಕು ಜನ ಪರಿಚಯವಾದರು. ಬ್ರೆಜಿಲ್‌ನ ನರ್ಸ್, ತೈವಾನ್‌ನ ಹುಡುಗ, ಟರ್ಕಿಯ ಗಂಡ ಹೆಂಡತಿ. "ವಾರಾಂತ್ಯದಲ್ಲಿ ಏನು ಮಾಡಿದಿರಿ?" ಎಂದು ಟೀಚರ್ ಪ್ರತಿ ಸೋಮವಾರ ಕೇಳುತ್ತಿದ್ದರು. ಈಜಿದೆ, ಬೆಟ್ಟ ಹತ್ತಿದೆ ಎಂದು ಐವರೂ ಸುಳ್ಳು ಹೇಳುತ್ತಿದ್ದೆವು. ಒಂದು ದಿನ ನಾನೇ ಕೇಳಿದೆ, ನಿಜವಾಗಿಯೂ ಎಲ್ಲಾದರೂ ಹೋಗೋಣವಾ ಅಂತ.

ಮೊದಲ ಪಾಠ ಇಲ್ಲೇ ಇದೆ. "ಯಾವತ್ತಾದರೂ ಹೋಗೋಣ" ಅಂದರೆ ಯಾವತ್ತೂ ಹೋಗುವುದಿಲ್ಲ. ಊರು, ತಾರೀಖು, ರೈಲಿನ ಸಮಯ, ಸೇರಬೇಕಾದ ಜಾಗ, ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಹಾಕಿ. ಹೊಸ ಪರಿಚಯದವರಿಗೆ ಹತ್ತು ಆಯ್ಕೆ ಕೊಟ್ಟರೆ ಎಲ್ಲರೂ ಮರ್ಯಾದೆಗೆ "ನಿಮ್ಮಿಷ್ಟ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರಿಗೆ ಬಯರ್ನ್ ಟಿಕೆಟ್ ಅನ್ನುವ ರೈಲು ಟಿಕೆಟ್ ಒಂದು ವರ. ಒಂದೇ ಟಿಕೆಟ್‌ನಲ್ಲಿ 5 ಜನ ದಿನವಿಡೀ ಓಡಾಡಬಹುದು. ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ಖರ್ಚು ಕಡಿಮೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9ರ ನಂತರ ಮಾತ್ರ ನಡೆಯುತ್ತದೆ. ಶನಿವಾರ, ಭಾನುವಾರ, ರಜಾದಿನಗಳಲ್ಲಿ ನಡುರಾತ್ರಿಯಿಂದಲೇ ಶುರು. ಯಾವ ದಿನವಾದರೂ ಮರುದಿನ ಬೆಳಗಿನ ಜಾವ 3ರವರೆಗೆ ಚಾಲ್ತಿ. ಪ್ರಾದೇಶಿಕ ರೈಲುಗಳಿಗಷ್ಟೇ ಇದು, ಐಸಿಇ ಅನ್ನುವ ವೇಗದ ರೈಲು ಹತ್ತುವಂತಿಲ್ಲ. ಎಲ್ಲರ ಹೆಸರೂ ಟಿಕೆಟ್‌ನಲ್ಲಿ ಇರಬೇಕು. ಹಾಗಾಗಿ ಹಿಂದಿನ ದಿನವೇ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನು ಕೇಳಿಟ್ಟುಕೊಳ್ಳಿ. ತೈವಾನ್‌ನ ಹುಡುಗ ಕ್ಲಾಸಿನಲ್ಲಿ ಹೇಳುತ್ತಿದ್ದ ಹೆಸರು ಅವನ ನಿಜವಾದ ಹೆಸರೇ ಅಲ್ಲ ಅಂತ ನನಗೆ ಗೊತ್ತಾಗಿದ್ದೇ ಆಗ. ಯಾರ ಹತ್ತಿರವಾದರೂ ದೇಶವಿಡೀ ಪ್ರಾದೇಶಿಕ ರೈಲುಗಳಲ್ಲಿ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದೆಯಾ ಅಂತಲೂ ಕೇಳಿ. ಇದ್ದರೆ ಅವರನ್ನು ಲೆಕ್ಕಕ್ಕೆ ಸೇರಿಸುವುದು ಬೇಡ.

ರೈಲಿನಲ್ಲಿ ಐವರೂ ಒಂದೇ ಬೋಗಿಯಲ್ಲಿ ಕೂತುಕೊಳ್ಳಿ. ಒಂದೇ ಟಿಕೆಟ್ ಅಲ್ವಾ, ಅದು ಯಾರ ಕೈಯಲ್ಲಿದೆಯೋ ಅವರ ಜೊತೆಗೇ ಇರಬೇಕು. ಇನ್ನೊಂದು ಕಾರಣವೂ ಇದೆ. ಇಲ್ಲಿ ಕೆಲವು ರೈಲುಗಳು ದಾರಿಯಲ್ಲಿ ಬೇರೆ ಬೇರೆಯಾಗುತ್ತವೆ. ಟೇಗರ್ನ್‌ಸೀ ಸರೋವರಕ್ಕೆ ಹೋಗುವ ರೈಲನ್ನೇ ನೋಡಿ. ಒಂದು ತುಂಡು ಹೋಲ್ಜ್‌ಕಿರ್ಷೆನ್‌ನಲ್ಲಿ ಕಳಚಿ ಬೈರಿಷ್‌ಸೆಲ್ ಕಡೆ ಹೋಗುತ್ತದೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗುತ್ತದೆ. ಕಿಟಕಿ ಸೀಟು ಸಿಕ್ಕಿತು ಅಂತ ಹಿಂದಿನ ಬೋಗಿಗೆ ಓಡಿದವರು ಬೇರೆ ಊರಿನಲ್ಲಿ ಇಳಿಯುತ್ತಾರೆ. ಬೋಗಿಯ ಮೇಲಿನ ಬೋರ್ಡು ಓದಿಯೇ ಹತ್ತಿ.

ಇನ್ನು ನಮ್ಮ ಎಡವಟ್ಟು. ನಾವು ಹೊರಟಿದ್ದು ಸಾಲ್ಸ್‌ಬರ್ಗ್‌ಗೆ. ಅದು ಆಸ್ಟ್ರಿಯಾದಲ್ಲಿದ್ದರೂ ಬಯರ್ನ್ ಟಿಕೆಟ್ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ನಡೆಯುತ್ತದೆ. ಹತ್ತಿರ ಹತ್ತಿರ ಎರಡು ಗಂಟೆಯ ದಾರಿ. ರೋಜೆನ್‌ಹೈಮ್ ಬರುವ ಹೊತ್ತಿಗೆ ನರ್ಸ್ ಬ್ಯಾಗಿನಲ್ಲಿ ಕೈಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು. ಪೌಚ್ ಬಿಚ್ಚಿ ಒಂದೊಂದೇ ತೆಗೆದು ಸೀಟಿನ ಮೇಲಿಟ್ಟಳು. ಲಿಪ್‌ಸ್ಟಿಕ್, ಬೀಗದ ಕೈ, ಆಸ್ಪತ್ರೆಯ ಐಡಿ ಕಾರ್ಡು. ಪಾಸ್‌ಪೋರ್ಟ್ ಇಲ್ಲ, ರೆಸಿಡೆನ್ಸ್ ಪರ್ಮಿಟ್ ಕಾರ್ಡೂ ಇಲ್ಲ. ಯುರೋಪಿನಲ್ಲಿ ಗಡಿಯೇ ಇಲ್ಲ ಅಂತ ಸುಮ್ನೆ ಹೇಳುತ್ತಾರೆ. 2015ರಿಂದ ಆಸ್ಟ್ರಿಯಾ ಕಡೆಯಿಂದ ಬರುವವರನ್ನು ಜರ್ಮನ್ ಪೊಲೀಸರು ತಪಾಸಣೆ ಮಾಡುತ್ತಾರೆ, ರೈಲಾದರೆ ಹೆಚ್ಚಾಗಿ ಗಡಿಯ ಊರು ಫ್ರಾಯ್ಲಾಸಿಂಗ್‌ನಲ್ಲಿ. ನಮ್ಮಂಥ ಹೊರಗಿನವರು ಗಡಿ ದಾಟುವಾಗ ಪಾಸ್‌ಪೋರ್ಟ್, ಪರ್ಮಿಟ್ ಎರಡೂ ಜೊತೆಗಿರಬೇಕು. ಫೋನಿನಲ್ಲಿರುವ ಫೋಟೋ ಸಾಲದು.

ನೀವು ಹೋಗಿ, ನಾನು ವಾಪಸ್ ಹೋಗುತ್ತೇನೆ ಅಂದಳು ನರ್ಸ್. ಟರ್ಕಿಯ ಹೆಂಗಸು ಮಾತಾಡದೆ ಅವಳ ಸಾಮಾನೆಲ್ಲ ಪೌಚಿಗೆ ತುಂಬಿಕೊಟ್ಟರು. ಪ್ರೀನ್‌ನಲ್ಲಿ ಐವರೂ ಇಳಿದೆವು.

ಅದಕ್ಕೇ ಹೇಳುವುದು, ದಾರಿಯಲ್ಲಿ ಇಳಿಯಲು ಎರಡನೆಯ ಜಾಗವೊಂದನ್ನು ನೋಡಿಟ್ಟುಕೊಂಡಿರಿ. ಪ್ರೀನ್ ಸ್ಟೇಷನ್‌ನಿಂದ ಅರ್ಧ ಗಂಟೆ ನಡೆದರೆ ಬವೇರಿಯಾದ ಅತಿ ದೊಡ್ಡ ಸರೋವರ ಕೀಮ್‌ಸೀ. ದೋಣಿಯಲ್ಲಿ ಹೆರೆನ್‌ಇನ್ಸೆಲ್ ದ್ವೀಪಕ್ಕೆ ಹೋದರೆ ದೊರೆ ಎರಡನೇ ಲುಡ್ವಿಗ್ ಫ್ರಾನ್ಸಿನ ವರ್ಸೈ ಅರಮನೆಯ ಮಾದರಿಯಲ್ಲಿ 1878ರಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆ ಇದೆ. ಮುಗಿಸುವಷ್ಟರಲ್ಲಿ ದುಡ್ಡು ಖಾಲಿ, 1886ರಲ್ಲಿ ಅವನೂ ಹೋದ. ಒಳಗೆ ಗೈಡ್ ಜೊತೆಗೇ ಹೋಗಬೇಕು, ಟಿಕೆಟ್‌ನಲ್ಲಿ ಸಮಯ ಇರುತ್ತದೆ. ದೋಣಿ ಇಳಿದ ಮೇಲೆ ಅರಮನೆಗೆ ಇನ್ನೂ 20 ನಿಮಿಷದ ನಡಿಗೆ ಅನ್ನುವುದನ್ನು ಮರೆಯಬೇಡಿ. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ನೋಡಿಕೊಳ್ಳಿ.

ದಿನವಿಡೀ ಐವರೂ ಅಂಟಿಕೊಂಡೇ ಇರಬೇಕಿಲ್ಲ. ಹೊಸಬರ ಜೊತೆ ಎಂಟು ಗಂಟೆ ನಗುತ್ತಾ ಇರುವುದು ದೊಡ್ಡ ಕೆಲಸ. ಅದೂ ಅರ್ಧಂಬರ್ಧ ಜರ್ಮನ್‌ನಲ್ಲಿ! ಊಟವಾದ ಮೇಲೆ ಒಂದೂವರೆ ಗಂಟೆ ಬಿಡುವು ಅಂತ ಮೊದಲೇ ಹೇಳಿಬಿಡಿ. ನಮ್ಮಲ್ಲಿ ದಂಪತಿ ಹುಲ್ಲಿನ ಮೇಲೆ ಮಲಗಿದರು, ಹುಡುಗ ದ್ವೀಪ ಸುತ್ತಿದ, ನಾನೂ ನರ್ಸೂ ನೀರಿಗೆ ಕಾಲು ಇಳಿಬಿಟ್ಟು ಕೂತೆವು. ಆಸ್ಪತ್ರೆಯ ರಾತ್ರಿ ಪಾಳಿಯ ಬಗ್ಗೆ ಅವಳು ಹೇಳಿದ್ದು ಆಗಲೇ. ಐದು ಜನರ ಮುಂದೆ ಅಂಥ ಮಾತು ಬರುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ವಾಪಸ್ ಬರುವ ರೈಲಿನಲ್ಲೇ ಲೆಕ್ಕ ಚುಕ್ತಾ ಮಾಡಿ. ಹಿಂದೊಮ್ಮೆ ಇನ್ನೊಂದು ಗುಂಪಿನ ಜೊತೆ ಹೋಗಿದ್ದೆ. ಒಂದು ಕಾಫಿಯ ಬಾಬ್ತು ಒಂಬತ್ತು ದಿನ ಬಿಟ್ಟು ಮೆಸೇಜ್ ಬಂತು. ಆಮೇಲೆ ಆ ಗುಂಪಿನಲ್ಲಿ ಯಾರೂ ಎಲ್ಲಿಗೂ ಕರೆಯಲಿಲ್ಲ. ಸ್ಟೇಷನ್ ಟಾಯ್ಲೆಟ್‌ಗೆ ಚಿಲ್ಲರೆ ಇಟ್ಟುಕೊಂಡಿರಿ. ರೈಲಿನೊಳಗಿನದು ಬಿಟ್ಟಿ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ನೀರು, ತಿಂಡಿ ಶನಿವಾರವೇ ತಂದಿಟ್ಟುಕೊಳ್ಳಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗಳನ್ನು ಎಸೆಯಬೇಡಿ. ಒಂದೊಂದರ ಮೇಲೂ 25 ಸೆಂಟ್ ಫಾಂಡ್, ಅಂದರೆ ಠೇವಣಿ, ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್. ರಾತ್ರಿ ಮ್ಯೂನಿಕ್‌ನಲ್ಲಿ ಇಳಿದಾಗ ನಮ್ಮ ಚೀಲದಲ್ಲಿ ಆರು ಖಾಲಿ ಬಾಟಲಿ ಇದ್ದವು. ಒಂದೂವರೆ ಯೂರೋ. ಸೋಮವಾರ ಕ್ಲಾಸಿಗೆ ಮುಂಚೆ ಹೋಗಿ ಹಾಕೋಣ, ಐವರೂ ಬನ್ನಿ ಅಂದ ತೈವಾನ್‌ನ ಹುಡುಗ. ಆರು ಬಾಟಲಿಗೆ ಐದು ಜನ ಯಾಕೆ ಅಂತ ಯಾರೂ ಕೇಳಲಿಲ್ಲ.