ಕಾಳಿ ಹೊಳೆಯ ಪಾಂಟೂನ್ ಬೋಟಿಗೆ ಕೇಬಲ್ ಸ್ಟಿಯರಿಂಗೇ ಸಾಕಾಯಿತು: ನನ್ನ ಅನುಭವ

"ಉಪ್ಪು ನೀರು ಮಾರಾಯಾ, ಕೇಬಲ್ ಒಂದು ಮಳೆಗಾಲ ದಾಟಲ್ಲ, ಹೈಡ್ರಾಲಿಕ್ ಹಾಕ್ಸು." ಕಾರವಾರದ ಕೋಡಿಬಾಗದಲ್ಲಿ ಎಲ್ಲರದ್ದೂ ಇದೇ ಮಾತು. ಕೇಬಲ್ ಅಂದರೆ ಚಕ್ರದಿಂದ ಇಂಜಿನ್ನಿಗೆ ಹೋಗುವ ತಂತಿ, ಹೈಡ್ರಾಲಿಕ್ ಅಂದರೆ ಎಣ್ಣೆಯ ಒತ್ತಡದಿಂದ ಇಂಜಿನ್ ತಿರುಗಿಸುವುದು. ಈಗ ಮೂರು ಮಳೆಗಾಲ ಕಳೆದಿದೆ, ನನ್ನ ಕೇಬಲ್ ಸ್ಟಿಯರಿಂಗ್ ಚಕ್ರ ಇನ್ನೂ ಎರಡು ಬೆರಳಲ್ಲಿ ತಿರುಗುತ್ತದೆ.

ನನ್ನದು 20 ಅಡಿಯ ಪಾಂಟೂನ್ ಬೋಟು, ಅಂದರೆ ತೇಲುವ ಉದ್ದ ಕೊಳವೆಗಳ ಮೇಲೆ ಹಲಗೆ ಹಾಸಿದ್ದು. 25 ಎಚ್‌ಪಿ ಇಂಜಿನ್. ಮೊದಲು ಟಿಲ್ಲರ್, ಅಂದರೆ ಇಂಜಿನ್ನಿಗೇ ಇರುವ ಹಿಡಿ, ಹಿಡಿದೇ ಓಡಿಸುತ್ತಿದ್ದೆ. ಸಣ್ಣ ದೋಣಿಗಾದರೆ ಸರಿ. ಇಲ್ಲಿ ಮುಂದೆ ಎಂಟು ಜನ ಕೂತರೆ ದಾರಿಯೇ ಕಾಣಲ್ಲ, ನಾನೂ ಪೆಟ್ರೋಲ್ ಟ್ಯಾಂಕೂ ಹಿಂದೆ ಇದ್ದರೆ ಬೋಟು ಹಿಂದಕ್ಕೆ ಕೂರುತ್ತದೆ. ನಿಂತು ಹಿಡಿಯೋಣ ಅಂತ ಪಿವಿಸಿ ಪೈಪ್ ಜೋಡಿಸಿದೆ. ಅಳಿವೆ ಹತ್ತಿರ ಇಳಿತದಲ್ಲಿ ಲಟಕ್ಕಂತ ಮುರಿಯಿತು.

ಆಮೇಲೆ ವೈರ್ ರೋಪ್, ರಾಟೆ. ಸುಮಾರು 2,000 ರೂಪಾಯಿ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಸಡಿಲಾಗಿ ಬೋಟು ಹಾವಿನ ಹಾಗೆ ಓಡತೊಡಗಿತು. ಸದಾಶಿವಗಡದ ಹತ್ತಿರ ಒಂದು ಕ್ಲಾಂಪ್ ಜಾರಿ ಇಂಜಿನ್ ಪೂರ್ತಿ ಒಂದೇ ಕಡೆ ತಿರುಗಿ ನಿಂತಿತು. ಪುಣ್ಯಕ್ಕೆ ಯಾರೂ ನೀರಿಗೆ ಬೀಳಲಿಲ್ಲ. ಅವತ್ತು ರಾತ್ರಿಯೇ ಬಿಚ್ಚಿ ಹಾಕಿದೆ.

ಹೈಡ್ರಾಲಿಕ್‌ಗೆ ಗೋವಾದಲ್ಲಿ 55,000ದ ಹತ್ತಿರ ಹೇಳಿದರು. ದೊಡ್ಡ ಇಂಜಿನ್‌ಗೆ ಅದೇ ಬೇಕು, ಒಪ್ಪುತ್ತೇನೆ. 25 ಎಚ್‌ಪಿಗೆ ಯಾಕೆ? ಕೇಬಲ್ ಕಿಟ್ 18 ಸಾವಿರಕ್ಕೆ ಬಂತು, ನೋ-ಫೀಡ್‌ಬ್ಯಾಕ್ ಮಾದರಿಗೆ ಮತ್ತೆ ಮೂರು ಸಾವಿರ. ಅದಕ್ಕೆ ಜಿಪುಣತನ ಮಾಡಬೇಡಿ, ಕೈ ಬಿಟ್ಟರೂ ಚಕ್ರ ಇದ್ದಲ್ಲೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ಕುಸಿದ ಮೇಲೆ ಆ ಕಡೆ ಹೋಗುವಾಗ ಇದರ ಬೆಲೆ ಗೊತ್ತಾಯಿತು. ಆದರೆ ಟಿಲ್ಲರ್ ಬಿಟ್ಟರೆ ಗೇರೂ ವೇಗವೂ ಮುಂದಿನಿಂದಲೇ ಹಿಡಿಯಲು ಗೇರ್-ಥ್ರಾಟಲ್ ಬಾಕ್ಸೂ ಬೇಕಲ್ವಾ, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಇನ್ನೊಂದು 14 ಸಾವಿರ ಹೋಯಿತು.

ಅಳತೆಯಲ್ಲೂ ಎಡವಿದೆ. ಹಗ್ಗ ನೇರ ಎಳೆದು ಅಳೆದಿದ್ದೆ, ಕೇಬಲ್ ಒಂದಡಿ ಕಮ್ಮಿ ಬಿತ್ತು. ಮೂಲೆಯಲ್ಲಿ ಬಿಗಿಯಾಗಿ ಬಗ್ಗಿಸಿದ್ದಕ್ಕೆ ಚಕ್ರ ಒರಳು ಕಲ್ಲಿನ ಹಾಗೆ ಬಿಗಿ. ಆರು ಸಾವಿರ ದಂಡ. ಚಕ್ರದಿಂದ ಬದಿಗೆ, ಬದಿಯಿಂದ ಹಿಂದಕ್ಕೆ, ಅಲ್ಲಿಂದ ಇಂಜಿನ್ನಿನ ಟಿಲ್ಟ್ ಟ್ಯೂಬ್ (ಇಂಜಿನ್ ಮೇಲೆತ್ತುವಾಗ ತಿರುಗುವ ಅಡ್ಡ ಕೊಳವೆ) ನಡುವಿನವರೆಗೆ ಅಳೆದು, ಮೇಲೆ ಅರ್ಧ ಅಡಿ ಸೇರಿಸಿ. ತಿರುವು ದೊಡ್ಡ ಬುಟ್ಟಿಯ ಬಾಯಷ್ಟು ಅಗಲ ಇರಲಿ. ಬೋಟು ಬಲಕ್ಕೆ ಎಳೆದರೆ ಪ್ರೊಪೆಲ್ಲರ್ ಮೇಲಿನ ಸಣ್ಣ ಟ್ರಿಮ್ ಟ್ಯಾಬ್‌ನ ಹಿಂದಿನ ತುದಿಯನ್ನು ಬಲಕ್ಕೇ ಸ್ವಲ್ಪ ತಿರುಗಿಸಿ. ಇದನ್ನು ಯಾರೂ ನಂಬಲ್ಲ, ಮಾಡಿ ನೋಡಿ.

ಈಗ ಮುಖ್ಯ ವಿಷಯ. ನಾನು ನೋಡಿದ ಹಾಗೆ ಕೇಬಲ್ ಓಡುವಾಗ ಹಾಳಾಗಲ್ಲ, ಜೂನ್‌ನಿಂದ ಬೋಟು ಸುಮ್ನೆ ನಿಂತಿರುವಾಗ ಹಾಳಾಗುತ್ತದೆ. ಟಿಲ್ಟ್ ಟ್ಯೂಬ್ ಒಳಗೆ ಹಳೇ ಗ್ರೀಸ್ ಗಟ್ಟಿಯಾಗಿ ಕೇಬಲ್ ತುದಿಯ ರಾಡ್ ಕಚ್ಚಿಕೊಳ್ಳುತ್ತದೆ. ಅದರ ಮೇಲೆಯೇ ಹೊಸ ಗ್ರೀಸ್ ತುಂಬಿದರೆ ಇನ್ನೂ ಬಿಗಿ. ರಾಡ್ ಪೂರ್ತಿ ಹೊರಗೆ ತೆಗೆದು, ಟ್ಯೂಬ್ ಒರೆಸಿ, ಆಮೇಲೆ ಹಚ್ಚಬೇಕು. ಬೋಟು ಕಟ್ಟುವಾಗ ರಾಡ್ ಒಳಗೆ ಹೋಗುವ ಕಡೆಗೇ ಚಕ್ರ ತಿರುಗಿಸಿಡಿ. ಮಳೆಗಾಲದಲ್ಲೂ ನಾನು ವಾರಕ್ಕೊಮ್ಮೆ ಹೋಗಿ ಚಕ್ರ ಎರಡೂ ಕಡೆ ತಿರುಗಿಸಿ ಬರುತ್ತೇನೆ. ಗ್ರೀಸ್‌ಗೆ ಏನು ಬೆರೆಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಬೋಟಿಗೆ ಬಂದರೆ ತೋರಿಸುತ್ತೇನೆ.

ಇನ್ನೊಂದು ಹುಚ್ಚು. ಮಧ್ಯಾಹ್ನದ ಗಾಳಿಗೆ ನಿಧಾನ ಹೋಗುವಾಗ ಬೋಟು ಅಡ್ಡ ಜಾರುತ್ತದೆ ಅಂತ ಪಾಂಟೂನ್‌ಗಳ ಹಿಂದೆ ಎರಡು ಚುಕ್ಕಾಣಿ ಹಲಗೆ ಕಟ್ಟಿದ್ದೆ. ಎರಡು ದಿನ ಭರ್ಜರಿ. ಮೂರನೇ ದಿನ ಯಾರದೋ ಬಲೆಗೆ ಸಿಕ್ಕಿ 1,500 ರೂಪಾಯಿ ಕೊಟ್ಟು ಬೈಗುಳ ತಿಂದು ಬಂದೆ. ಈಗ ಆ ಹಲಗೆ ಮೇಲೆ ಮನೆಯಲ್ಲಿ ಮೀನು ಹೆಚ್ಚುತ್ತಾರೆ.